ಪರೀಕ್ಷೆಯಲ್ಲಿ ವಂಚನೆ ಮತ್ತು ಅಚೌರ್ಯವ್ರತ

೧೯೮೭ರ ಜನವರಿ ೪ರಂದು ಅಮೆರಿಕದ ಮೇರಿಲ್ಯಾಂಡ್ ಸಂಸ್ಥಾನದ ಚೇಸ್ ಎಂಬಲ್ಲಿ, ನಿಲುಗಡೆಯ ಸಂಕೇತವನ್ನು ಮೀರಿ ಬಂದ ಎಂಜಿನುಗಳಿಗೆ ಪ್ರಯಾಣಿಕರ ರೈಲೊಂದು ಅಪ್ಪಳಿಸಿ ೧೬ ಮಂದಿ ಅಸುನೀಗಿದರು. ಆ ಎಂಜಿನುಗಳನ್ನು ನಡೆಸುತ್ತಿದ್ದವರು ಗಾಂಜಾ ಸೇದಿದ್ದುದು ಬಳಿಕ ತಿಳಿದುಬಂದಿತು. ೧೯೯೧ರಲ್ಲಿ ರೈಲು, ವಿಮಾನ, ಲಾರಿ ಮೊದಲಾದವನ್ನು ನಡೆಸುವವರಿಗೆ ಮಾದಕದ್ರವ್ಯದ ಪರೀಕ್ಷೆಯನ್ನು ವಿಧಿಸುವ ಶಾಸನ ಬಂದಿತು.

ಪರೀಕ್ಷೆಯ ಬೆನ್ನಿಗೇ ವಂಚನೆಯೂ ಬೆಳೆಯಿತು. ಅನ್ಯರ ಶುದ್ಧ ಮೂತ್ರವನ್ನೂ ಕೃತಕ ಮೂತ್ರವನ್ನೂ ಮಾರುವವರು ಹುಟ್ಟಿಕೊಂಡರು. ಮಾದರಿಯ ಉಷ್ಣತೆಯನ್ನು ನಾಲ್ಕು ನಿಮಿಷಗಳೊಳಗೆ ಅಳೆಯುವ ನಿಯಮವಿದ್ದರೆ, ಅದನ್ನು ಬೆಚ್ಚಗಿಡುವ ಉಪಾಯವನ್ನೂ ಇವರು ಮಾರಿದರು. ೧೯೯೯ರಲ್ಲಿ ಸೌತ್ ಕ್ಯಾರೊಲೈನಾ ಸಂಸ್ಥಾನ ಇಂತಹ ಮಾರಾಟವನ್ನು ಅಪರಾಧವೆಂದು ಸಾರಿತು. ಬೇರೆ ಹಲವು ಸಂಸ್ಥಾನಗಳಲ್ಲಿಯೂ ಇಂತಹ ಶಾಸನಗಳಿವೆ.

ಇಲ್ಲೊಂದು ಆಕ್ಷೇಪವುಂಟು. ರಜೆಯಲ್ಲಿ ಸೇದಿದ ಗಾಂಜಾದ ಅಂಶ ಅಮಲು ಇಳಿದು ದಿನಗಳು ಕಳೆದರೂ ಮೂತ್ರದಲ್ಲಿ ಕಾಣುವುದು. ಕೆಲಸದಲ್ಲಿ ಎಚ್ಚರವಾಗಿದ್ದವನು ಜೀವನೋಪಾಯವನ್ನು ಕಳೆದುಕೊಳ್ಳುವುದು ನ್ಯಾಯವೇ? ಈ ಮಾತಿನಲ್ಲಿ ಹುರುಳಿದೆ. ಆದರೆ ಪರೀಕ್ಷೆಯನ್ನು ಅನ್ಯಾಯವೆಂದು ಬಗೆದವನು ಬಹಿರಂಗವಾಗಿ ನಿರಾಕರಿಸಿ, ಅದರ ಫಲವನ್ನು ಸಹಿಸಬಹುದು. ಉಪವಾಸವನ್ನು ಕೈಗೊಳ್ಳದವನು ಬೇರೆ, ಕೈಗೊಂಡು ಮರೆಯಲ್ಲಿ ಉಣ್ಣುವವನು ಬೇರೆ.

ನಿಜವಸ್ತುವಿನ ಸ್ಥಾನದಲ್ಲಿ ಅದರಂತೆಯೇ ತೋರುವ ಹುಸಿವಸ್ತುವನ್ನು ಸಲ್ಲಿಸುವ ಪ್ರತಿರೂಪಕ ವ್ಯವಹಾರವನ್ನು ನಮ್ಮ ಆಚಾರ್ಯರು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ರೈಲಿನಲ್ಲಿ ನಿಶ್ಚಿಂತೆಯಿಂದ ಮಲಗಿದವನ ನಂಬಿಕೆಯೇ ಇಲ್ಲಿ ಕಳವಾಗುವ ಸ್ವತ್ತು. ಮಾಡಿದವನಂತೆ ಮಾಡಿಸಿದವನೂ ಅನುಮೋದಿಸಿದವನೂ ಆ ದೋಷಕ್ಕೆ ಪಾಲುಗಾರರು. ಆದುದರಿಂದ ಸಿಕ್ಕಿಬಿದ್ದ ಕೆಲಸಗಾರನೊಬ್ಬನನ್ನೇ ಹಿಡಿಯದೆ, ಅವನಿಗೆ ಹುಸಿಯನ್ನು ಮಾರಿ ಲಾಭ ಪಡೆದವನನ್ನೂ ದಂಡಿಸುವ ಶಾಸನ ಯುಕ್ತವಾದುದೆಂದೇ ನನ್ನ ಅಭಿಪ್ರಾಯ.