ಕನ್ನಡಕದ ನ್ಯಾಯ

ಶಿಡ್ಲಘಟ್ಟದಲ್ಲಿರುವ ನಮ್ಮ ದೊಡ್ಡಮ್ಮನ ನಡುಮನೆಗೆ ಹೋದ ವರ್ಷ ಒಂದು ಕ್ಯಾಮೆರಾ ಬಂತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮೊಮ್ಮಗ ತಂದು ಗೋಡೆಗೆ ಹಾಕಿದ್ದು. ಅದಕ್ಕೆ ಸ್ವಲ್ಪ ದಿನ ಮುಂಚೆ ದೊಡ್ಡಮ್ಮ ಬಚ್ಚಲಲ್ಲಿ ಜಾರಿ ಬಿದ್ದು, ಅರ್ಧ ದಿನ ಯಾರಿಗೂ ತಿಳಿದಿರಲಿಲ್ಲ. ಹುಡುಗನ ಭಯ ಸುಳ್ಳಲ್ಲ. ಆದರೆ ನಾನು ಹೋದ ದಿನ ಆ ಕ್ಯಾಮೆರಾದ ಮೇಲೆ ಒಂದು ಟವೆಲ್ ಇಳಿಬಿದ್ದಿತ್ತು. ಯಾಕೆ ಎಂದರೆ, ಸ್ನಾನ ಮಾಡಿ ಬಂದು ಸೀರೆ ಉಡುವುದು ಇಲ್ಲೇ ಅಲ್ಲವೇನಪ್ಪ ಎಂದು ತೆಲುಗಿನಲ್ಲಿ ಮೆಲ್ಲಗೆ ಹೇಳಿದರು. ಸಿಟ್ಟಿರಲಿಲ್ಲ.

ಅದೇ ದೊಡ್ಡಮ್ಮ ಕನ್ನಡಕವನ್ನು ಮಲಗುವಾಗ ಮಾತ್ರ ತೆಗೆಯುತ್ತಾರೆ. ತೆಗೆದರೂ ದಿಂಬಿನ ಪಕ್ಕದಲ್ಲೇ, ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳುತ್ತಾರೆ. ಎರಡೂ ಗಾಜಿನ ಸಾಧನಗಳೇ, ಎರಡೂ ಮುಪ್ಪಿಗೆ ನೆರವಾಗಲೆಂದೇ ಬಂದವು. ಒಂದನ್ನು ಮೈಗೆ ಸೇರಿಸಿಕೊಂಡವರು ಇನ್ನೊಂದಕ್ಕೆ ಬಟ್ಟೆ ಹೊದಿಸಿದರು. ಕನ್ನಡಕದಲ್ಲಿ ಅವರು ಲೋಕವನ್ನು ನೋಡುತ್ತಾರೆ, ಕ್ಯಾಮೆರಾದಲ್ಲಿ ಲೋಕ ಅವರನ್ನು ನೋಡುತ್ತದೆ. ವಯಸ್ಸಾದವರ ಒಳಿತಿಗೆಂದು ಯಾವ ಸಾಮಾನನ್ನು ಮನೆಗೆ ತಂದರೂ ಇದೊಂದನ್ನು ಮೊದಲು ಕೇಳಬೇಕೆಂದು ನನಗೆ ಅನ್ನಿಸಿದ್ದು ಆ ಟವೆಲ್ ನೋಡಿದಾಗ: ಇದರಿಂದ ಇವರು ನೋಡುವವರಾಗುತ್ತಾರೋ, ನೋಡಿಸಿಕೊಳ್ಳುವವರಾಗುತ್ತಾರೋ?

ನೋಡಿಸಿಕೊಳ್ಳುವುದರ ಕಷ್ಟ ಅವರಿಗೆ ಹೊಸದಲ್ಲ. ಬಹಳ ವರ್ಷ ಅವರು ಫಿಲೇಚರಿನಲ್ಲಿ ರೇಷ್ಮೆ ನೂಲು ತೆಗೆದವರು. ಬೆಂದ ಗೂಡುಗಳ ನಡುವೆ ಬಿಸಿನೀರಲ್ಲಿ ಕೈಯಾಡಿಸಿ, ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುವ ಎಳೆಯ ತುದಿಯನ್ನು ಹಿಡಿಯುವ ಕೆಲಸ. ನೆಂದು, ಬೆಂದು, ಸವೆದು ಆ ಬೆರಳ ತುದಿಗಳು ಈಗ ನುಣ್ಣಗೆ ಹೊಳೆಯುತ್ತವೆ. ಪಡಿತರ ಅಂಗಡಿಯ ಯಂತ್ರದ ಮೇಲೆ ಒತ್ತಿದರೆ ಅದು ಒಪ್ಪುವುದಿಲ್ಲ. ಒರೆಸಿ ಒತ್ತಮ್ಮ, ಇನ್ನೊಂದು ಬೆರಳು ಕೊಡಮ್ಮ ಎನ್ನುತ್ತಾರೆ. ಊರಿಗೆ ರೇಷ್ಮೆಯ ಹೆಸರು ತಂದ ಕೆಲಸವೇ ಅವರ ಗುರುತನ್ನು ಅಳಿಸಿಹಾಕಿದೆ.

ಪಿಂಚಣಿದಾರರಿಗೆಂದು 2014ರಲ್ಲಿ ಶುರುವಾದ ಜೀವನ್ ಪ್ರಮಾಣ್ ಕೂಡ ಬದುಕಿದ್ದೇನೆಂಬ ಸಾಕ್ಷಿಯನ್ನು ಮೊದಲು ಬೆರಳಿನಲ್ಲೋ ಕಣ್ಣಪಾಪೆಯಲ್ಲೋ ಕೇಳುತ್ತಿತ್ತು. ಆಮೇಲೆ ಫೋನಿನೆದುರು ಮುಖ ತೋರಿಸಿದರೂ ಸಾಕೆಂದಾಯಿತು. ಮಂಡಿ ಸವೆದವರಿಗೆ ನವೆಂಬರಿನಲ್ಲಿ ಬ್ಯಾಂಕಿನ ಮೆಟ್ಟಿಲು ಹತ್ತುವುದು ತಪ್ಪುವುದೆಂದರೆ ಸಣ್ಣ ಮಾತಲ್ಲ. ಇದೂ ನೋಡಿಸಿಕೊಳ್ಳುವುದೇ ಅಲ್ಲವೇ ಎಂದರೆ ಹೌದು. ಆದರೆ ಯಾವಾಗ ತೋರಿಸಬೇಕು, ಎಷ್ಟು ಹೊತ್ತು ತೋರಿಸಬೇಕು ಎಂಬುದು ಮುಖದ ಯಜಮಾನರ ಕೈಯಲ್ಲೇ ಉಳಿದಿದೆ. ಹಾಗಾಗಿ ನನ್ನ ಪ್ರಶ್ನೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ನೋಡಿಸಿಕೊಳ್ಳುವುದರಲ್ಲೇ ಕೇಡಿಲ್ಲ. ಟವೆಲ್ ಹಾಕುವ ಹಕ್ಕು ಯಾರದ್ದು ಎಂಬುದನ್ನು ನೋಡಬೇಕು.

ಇದಕ್ಕೊಂದು ಗಟ್ಟಿಯಾದ ಎದುರುಮಾತಿದೆ. ಬಿದ್ದವರಿಗೆ ಹಕ್ಕಿನ ಮಾತು ಏನು ಮಾಡೀತು, ಮೊದಲು ಜೀವ ಉಳಿಯಲಿ, ಮಾನ ಆಮೇಲೆ ಎನ್ನುತ್ತಾರೆ. ಮರೆವಿನ ಕಾಯಿಲೆ ಹತ್ತಿದ ತಂದೆಯನ್ನು ರಾತ್ರಿ ಹೊತ್ತು ಹುಡುಕಿಕೊಂಡು ಬೀದಿಗಿಳಿದ ಮಗನಿಗೆ ನಾನು ಎದುರಾಡಲಾರೆ. ಅಂಥ ಮನೆಗೆ ಕ್ಯಾಮೆರಾ ಬೇಕಾದೀತು. ಆದರೆ ದೊಡ್ಡಮ್ಮನಿಗೆ ಬುದ್ಧಿ ನೆಟ್ಟಗಿದೆ, ಬಾಯಿಯೂ ಇದೆ. ಅವರನ್ನು ಒಂದು ಮಾತು ಕೇಳಬಹುದಿತ್ತು. ಪ್ರಶ್ನೆ ಮಾಡದೆ ಏನನ್ನೂ ಒಪ್ಪಬೇಡಿ ಎಂದು ಬದುಕಿನುದ್ದಕ್ಕೂ ಹೇಳಿದ ಎಚ್. ನರಸಿಂಹಯ್ಯನವರು ಹುಟ್ಟಿದ್ದು ಇದೇ ಜಿಲ್ಲೆಯಲ್ಲಿ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಪವಾಡದ ಬಾಬಾಗಳನ್ನೂ ಅವರು ಬಿಡಲಿಲ್ಲ. ನಾವೋ, ಪೆಟ್ಟಿಗೆ ಒಡೆದು ಗೋಡೆಗೆ ಮೊಳೆ ಹೊಡೆಯುವಾಗ ಆ ಮನೆಯಲ್ಲಿ ಬದುಕುವವರನ್ನೂ ಕೇಳುವುದಿಲ್ಲ.

ಹಿಂದಿನವರು ಕಾಗದ ಬರೆಯುವಾಗ ಉಭಯ ಕುಶಲೋಪರಿ ಎಂದು ಶುರುಮಾಡುತ್ತಿದ್ದರು. ಇಲ್ಲಿ ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಿ ಎನ್ನುತ್ತಿದ್ದರು. ಕುಶಲ ಎನ್ನುವುದು ಎರಡೂ ಕಡೆ ಹರಿಯಬೇಕಾದದ್ದೆಂದು ಉಭಯ ಎಂಬ ಆ ಒಂದು ಪದದಲ್ಲೇ ಇತ್ತು. ಕ್ಯಾಮೆರಾದ ಕುಶಲ ಒಂದೇ ಕಡೆಯದು. ಮೊಮ್ಮಗ ಊಟ ಮಾಡಿದನೋ ಇಲ್ಲವೋ ಅಜ್ಜಿಗೆ ಅದು ಹೇಳುವುದಿಲ್ಲ. ಮುಪ್ಪಿನಲ್ಲಿ ಮೈಗಿಂತ ಮೊದಲು ಮನಸ್ಸನ್ನು ಕುಗ್ಗಿಸುವುದು ಈ ಒಮ್ಮುಖವೇ ಎಂದು ನಾನು ನಂಬಿದ್ದೇನೆ. ಎಲ್ಲರೂ ನಮ್ಮನ್ನು ವಿಚಾರಿಸಿಕೊಳ್ಳುತ್ತಾರೆ, ನಾವು ವಿಚಾರಿಸಿಕೊಳ್ಳಬೇಕಾದವರು ಯಾರೂ ಇಲ್ಲ ಎನ್ನುವ ಸ್ಥಿತಿ ಅದು.

ಅದೇ ಮನೆಯಲ್ಲಿ ಫೋನು ಮಾತ್ರ ಗೆದ್ದಿದೆ. ದೊಡ್ಡಮ್ಮನಿಗೆ ಅಕ್ಷರ ಬಾರದು. ಈ ಕಡೆಯ ಎಷ್ಟೋ ಮನೆಗಳ ಹಾಗೆ ಮನೆಮಾತು ತೆಲುಗು, ಕನ್ನಡ ಸಂತೆಯಲ್ಲೂ ಬಸ್ಸಿನಲ್ಲೂ ಕಲಿತದ್ದು. ವಾಟ್ಸ್‌ಆ್ಯಪಿನಲ್ಲಿ ಮೈಕಿನ ಗುರುತನ್ನು ಒತ್ತಿ ಹಿಡಿದು ಮಾತಾಡುವುದನ್ನು ಮೊಮ್ಮಗಳು ಒಂದು ಮಧ್ಯಾಹ್ನ ಕಲಿಸಿದಳು. ಪಡಿತರದ ಯಂತ್ರ ಬೇಡವೆಂದ ಆ ನುಣುಪು ಬೆರಳನ್ನು ಫೋನು ಬೇಡವೆನ್ನಲಿಲ್ಲ. ಈಗ ಬೆಳಿಗ್ಗೆ ಬಿಪಿ ಮಾತ್ರೆಯ ಅಲಾರಂ ಹೊಡೆದ ಮೇಲೆ ಐದಾರು ಮನೆಗೆ ಅವರ ದನಿ ಹೋಗುತ್ತದೆ. ಸಂಜೆ ಕೈವಾರ ತಾತಯ್ಯನವರ ತತ್ವಪದ ಹಾಕಿಕೊಳ್ಳುತ್ತಾರೆ. ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದ ತಾತಯ್ಯ ಅವರಿಗೆ ಎರಡೂ ಭಾಷೆಯಲ್ಲಿ ಸಿಗುತ್ತಾರೆ. ಮೋಸದ ಕರೆ ಬಂದರೆ 1930, ಹಿರಿಯರ ಸಹಾಯಕ್ಕೆ 14567, ಇವೆರಡನ್ನು ಬಾಯಿಪಾಠ ಮಾಡಿಸಿದ್ದೇವೆ.

ಕ್ಯಾಮೆರಾ ಈಗ ಬೀದಿಬಾಗಿಲ ಕಡೆ ತಿರುಗಿದೆ. ಬಂದವರು ಯಾರೆಂದು ದೊಡ್ಡಮ್ಮನೇ ಫೋನಿನಲ್ಲಿ ನೋಡಿ ಚಿಲಕ ತೆಗೆಯುತ್ತಾರೆ. ಬಚ್ಚಲಿಗೆ ಸ್ಟೀಲಿನ ಹಿಡಿಕೆ ಹಾಕಿಸಿದ್ದಾಯಿತು. ಬೀಳುವುದನ್ನು ನೋಡುವುದಕ್ಕಿಂತ ಬೀಳದಂತೆ ಮಾಡುವುದು ಅಗ್ಗವೂ ಹೌದು.

ಹೋದ ತಿಂಗಳು ನಾನು ಅಲ್ಲಿದ್ದಾಗ ಹಳ್ಳಿಯಿಂದ ಸೊಸೆಯ ವಿಡಿಯೊ ಕರೆ ಬಂತು. ಅವಳ ಮನೆಯಲ್ಲಿ ರೇಷ್ಮೆಹುಳು ಪೊರೆ ಬಿಡುವ ನಾಲ್ಕನೇ ಜ್ವರದಿಂದ ಎದ್ದು ವಾರವಾಗಿತ್ತು. ಗೂಡು ಕಟ್ಟಲು ಚಂದ್ರಿಕೆಗೆ ಬಿಡುವುದು ಇವತ್ತೋ ನಾಳೆಯೋ ಎಂದು ಅವಳಿಗೆ ಅನುಮಾನ. ಬೇಗ ಬಿಟ್ಟರೆ ಗೂಡು ಜೊಳ್ಳು, ತಡಮಾಡಿದರೆ ಸೊಪ್ಪಿನಲ್ಲೇ ನೂಲು ಬಿಟ್ಟು ಹಾಳು. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ಫೋನನ್ನು ಮುಖದ ಹತ್ತಿರ ಹಿಡಿದರು. ತಟ್ಟೆಯ ಅಂಚಿಗೆ ಹೋಗು ಎಂದರು. ದೀಪ ಹಿಂದಿನಿಂದ ಹಿಡಿ ಎಂದರು. ಬೆಳಕು ಹುಳುವಿನ ಮೈಯೊಳಗೆ ಹಾಯಿತು. ತಲೆ ಎತ್ತಿ ಆಡಿಸುತ್ತಿತ್ತು, ಸೊಪ್ಪು ಮುಟ್ಟುತ್ತಿರಲಿಲ್ಲ.

"ಹಣ್ಣಾಗಿದೆ, ಬಿಡು" ಎಂದರು.