ಮನೆಯವರಿಗೆ ಹೇಳಬೇಡಿ ಎಂದ ರೋಗಿ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಸೀಮೆಯಲ್ಲಿ ಕುಷ್ಠವನ್ನು ಇವತ್ತಿಗೂ ‘ದೊಡ್ಡ ರೋಗ’ ಎಂದು ದನಿ ತಗ್ಗಿಸಿ ಹೇಳುವವರಿದ್ದಾರೆ. ಪಾವಗಡದ ಶ್ರೀ ರಾಮಕೃಷ್ಣ ಸೇವಾಶ್ರಮ ಸ್ವಾಮಿ ಜಪಾನಂದರ ಮುಂದಾಳತ್ವದಲ್ಲಿ ದಶಕಗಳಿಂದ ಈ ರೋಗಿಗಳ ಆರೈಕೆ ಮಾಡುತ್ತ ಬಂದಿದೆ. ಆಶಾ ಕಾರ್ಯಕರ್ತೆಯರು ಮಚ್ಚೆ ಹುಡುಕುತ್ತ ಮನೆ ಮನೆಗೆ ಹೋಗುತ್ತಾರೆ. ಔಷಧಿ ಉಚಿತ, ರೋಗ ಪೂರ್ತಿ ವಾಸಿಯಾಗುತ್ತದೆ. ಕಷ್ಟವಿರುವುದು ಬೇರೆ ಕಡೆ.

ಇಲ್ಲಿ ಎದುರಾಗಬಹುದಾದ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಿ. ಕಡಲೆಕಾಯಿ ಬೆಳೆಯುವ ರೈತ. ಬೆನ್ನು, ತೋಳುಗಳ ಮೇಲೆ ಬಿಳಚಿದ ಮಚ್ಚೆಗಳು. ಕಣ್ಣು ಮುಚ್ಚಿಸಿ, ಪೆನ್ನಿನ ತುದಿ ಮುಟ್ಟಿಸಿ, ಎಲ್ಲಿ ಎಂದು ಕೇಳಿದರೆ ಒಳ್ಳೆಯ ಚರ್ಮದ ಮೇಲೆ ಥಟ್ಟನೆ ಬೆರಳಿಡುತ್ತಾನೆ. ಮಚ್ಚೆಯ ಮೇಲೆ ಮುಟ್ಟಿಸಿದರೆ, ‘ಇನ್ನೂ ಮುಟ್ಟಿಲ್ವಲ್ಲಾ’ ಅನ್ನುತ್ತಾನೆ. ವಿಷಯ ತಿಳಿದ ಮೇಲೆ ಅವನು ಕೇಳುವುದು ಒಂದೇ: ‘ಮಾತ್ರೆ ಕೊಡಿ, ಮನೆಯಲ್ಲಿ ಹೇಳಬೇಡಿ. ಮಗಳಿಗೆ ಗಂಡು ನೋಡ್ತಾ ಇದ್ದೀವಿ.’

ಆದರೆ ಮನೆಯವರ ಮೈಯನ್ನೂ ನೋಡಲೇಬೇಕು. ಬಾಂಗ್ಲಾದೇಶದಲ್ಲಿ ರೋಗಿಗಳ ಸಂಪರ್ಕದಲ್ಲಿದ್ದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರಿಫಾಂಪಿಸಿನ್ ಎಂಬ ಔಷಧಿಯ ಒಂದೇ ಡೋಸು ಮೊದಲ ಎರಡು ವರ್ಷ ರೋಗವನ್ನು ಶೇ. 57ರಷ್ಟು ತಗ್ಗಿಸಿತು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಅದನ್ನು ಶಿಫಾರಸು ಮಾಡಿತು. ಜೊತೆಗೆ ರೋಗಿಯ ಒಪ್ಪಿಗೆಯಿಲ್ಲದೆ ಅವನ ವಿಷಯ ಬಯಲು ಮಾಡಬಾರದೆಂದಿತು.

ಕೇಳದೆ ಮಾಡಿದರೆ ಏನಾಗುತ್ತದೆಂಬುದಕ್ಕೆ ಈ ರೋಗದ ಚರಿತ್ರೆಯಲ್ಲೇ ಸಾಕ್ಷಿಯಿದೆ. 1873ರಲ್ಲಿ ಕುಷ್ಠದ ರೋಗಾಣುವನ್ನು ಕಂಡುಹಿಡಿದ ನಾರ್ವೆಯ ಹಾನ್ಸೆನ್, ರೋಗ ಅಂಟುತ್ತದೆಂದು ತೋರಿಸುವ ಹಟದಲ್ಲಿ 1879ರಲ್ಲಿ ಆಸ್ಪತ್ರೆಯಲ್ಲಿದ್ದ ರೋಗಿಯೊಬ್ಬಳ ಕಣ್ಣಿಗೆ, ಅವಳನ್ನು ಕೇಳದೆ, ಇನ್ನೊಬ್ಬ ರೋಗಿಯ ಗಂಟಿನ ದ್ರವ್ಯವನ್ನು ಚುಚ್ಚಿದ. ಮರುವರ್ಷ ಬರ್ಗೆನ್ ನ್ಯಾಯಾಲಯ ಅವನನ್ನು ಆಸ್ಪತ್ರೆಯ ಹುದ್ದೆಯಿಂದ ತೆಗೆಯಿತು. ಅವನ ಊಹೆ ಸರಿಯಿತ್ತು, ಉದ್ದೇಶ ದೊಡ್ಡದಿತ್ತು. ಅವಳಿಗಾದ ಅನ್ಯಾಯ ಅದರಿಂದ ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ಹಾಗಾದರೆ ನಮ್ಮ ಕಾರ್ಯಕರ್ತೆ ಏನು ಮಾಡಬೇಕು? ಮೊದಲು ಆ ರೈತನಿಗೆ ಪೂರ್ತಿ ಸತ್ಯ ಹೇಳಬೇಕು. ಹನ್ನೆರಡು ತಿಂಗಳ ಚಿಕಿತ್ಸೆಯಲ್ಲಿ ಕ್ಲೋಫಾಜಿಮಿನ್ ಎಂಬ ಔಷಧಿ ಇರುತ್ತದೆ, ಮೈ ಕಪ್ಪಾಗುತ್ತದೆ. ರಿಫಾಂಪಿಸಿನ್ ತೆಗೆದುಕೊಂಡ ದಿನ ಮೂತ್ರ ಕೆಂಪಾಗುತ್ತದೆ. ಇದನ್ನು ಮುಚ್ಚಿಟ್ಟು ಮಾತ್ರೆ ಕೊಟ್ಟರೆ, ಊರಿನವರು ‘ಯಾಕೋ ಇಷ್ಟು ಕಪ್ಪಾಗಿದ್ದೀಯ’ ಅಂದ ದಿನವೇ ಅವನು ಮಾತ್ರೆ ಬಿಡುತ್ತಾನೆ. ಬಿಟ್ಟರೆ ನರ ಸಾಯುತ್ತದೆ, ಬೆರಳು ಮಡಚಿಕೊಳ್ಳುತ್ತದೆ. ಆಮೇಲೆ ಗುಟ್ಟೆಲ್ಲಿ ಉಳಿಯುತ್ತದೆ?

ಎರಡನೆಯದಾಗಿ, ಬೀದಿಯ ಅಷ್ಟೂ ಮನೆಗಳಲ್ಲಿ ಚರ್ಮ ತಪಾಸಣೆ ಮಾಡಲಿ. ಅವನ ಮಕ್ಕಳನ್ನೂ ನೋಡಿದಂತಾಯಿತು, ಯಾರ ಕಡೆಗೂ ಬೆರಳು ತೋರಿಸಿದಂತಾಗಲಿಲ್ಲ. ಇದು ಮೋಸವೆಂದು ನನಗೆ ಅನ್ನಿಸುವುದಿಲ್ಲ. ಎಲ್ಲರ ಮೈಯನ್ನೂ ನಿಜವಾಗಿ ನೋಡಿದರೆ ಸಾಕು.

ಹೆಂಡತಿಯ ಮಾತು ಬೇರೆ. ಅವಳಿಗೆ ಅವನೇ ಹೇಳಬೇಕು, ಕಾರ್ಯಕರ್ತೆ ಪಕ್ಕದಲ್ಲಿ ಕೂತಿರಬೇಕು. ಕುಷ್ಠ ವಿಚ್ಛೇದನಕ್ಕೆ ಕಾರಣವಾಗಬಹುದೆಂಬ ಕಾನೂನಿನ ಮಾತನ್ನು 2019ರಲ್ಲಿ ತೆಗೆದುಹಾಕಿದ್ದಾರೆ ಎಂಬುದೂ ಅವನಿಗೆ ಆಗಲೇ ಗೊತ್ತಾಗಲಿ. ಇನ್ನು ಬೀಗರು. ಚಿಕಿತ್ಸೆ ಶುರುವಾದ ಸ್ವಲ್ಪ ದಿನಕ್ಕೇ ಅವನಿಂದ ರೋಗ ಅಂಟುವುದು ನಿಲ್ಲುತ್ತದೆ. ಮಗಳಿಗೆ ತಪಾಸಣೆಯಾಗಿದೆ. ಅವರಿಗೆ ಹೇಳಲೇಬೇಕಾದ ಬಾಕಿ ಅವನ ಮೇಲೆ ಏನೂ ಇಲ್ಲ.