ವ್ಯಸನಿಯೂ ನಮ್ಮ ಸುಳ್ಳೂ

ಸ್ವಾರಗೇಟ ಬಸ್ ನಿಲ್ದಾಣವೆಂದರೆ ಪುಣೆಯ ಕನ್ನಡಿಗರಿಗೆ ಊರಿನ ಹೊಸ್ತಿಲಿದ್ದಂತೆ. ವಿಜಯಪುರದ ಬಸ್ಸು ಹತ್ತುವವನ ಕೈಯಲ್ಲಿ ತನ್ನ ಚೀಲ ಒಂದಾದರೆ ಓಣಿಯವರು ಕೊಟ್ಟ ಗಂಟುಗಳು ಎರಡು. ಕೆಲವು ವರ್ಷಗಳ ಹಿಂದೆ ನಾನು ಹಾಗೆ ಹೊರಟಿದ್ದಾಗ ನೆರೆಮನೆಯ ತಂಗಿಯೊಬ್ಬಳು ಓಡುತ್ತ ಬಂದು ಅತ್ತೆಗೆಂದು ಒಂದು ಸೀರೆಯನ್ನೂ ಒಂದು ಮಾತನ್ನೂ ಒಪ್ಪಿಸಿದಳು: “ಅವ್ರಿಗೆ ಓವರ್‌ಟೈಮ್ ಭಾಳ ಅದ, ಅದಕ್ಕ ಜಾತ್ರಿಗೆ ಬರಲಿಕ್ಕೆ ಆಗಲಿಲ್ಲ ಅಂತ ಹೇಳ್ರಿ ಅಣ್ಣಾರ.” ಗಂಡ ಎರಡು ದಿನದಿಂದ ಕುಡಿದು ಮನೆಯಲ್ಲಿ ಬಿದ್ದಿದ್ದಾನೆಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಊರಿಗೆ ಹೋಗಿ ಆ ಮಾತನ್ನು ಚಾಚೂ ತಪ್ಪದೆ ಒಪ್ಪಿಸಿದೆ. ಮುದುಕಿಯ ಮುಖ ಅರಳಿತು. ಒಳ್ಳೆಯ ಕೆಲಸ ಮಾಡಿದೆನೆಂದೇ ನಾನು ಭಾವಿಸಿದೆ.

ಒಂದೂವರೆ ವರ್ಷದ ಮೇಲೆ ಅವನು ಯಕೃತ್ತು ಕೆಟ್ಟು ಆಸ್ಪತ್ರೆ ಸೇರಿದ. ಧಾವಿಸಿ ಬಂದ ಆ ತಾಯಿ ನನ್ನನ್ನು ಕೇಳಿದ್ದು ಒಂದೇ ಮಾತು: “ನಿನಗ ಗೊತ್ತಿತ್ತಲ್ಲೋ ತಮ್ಮಾ, ಯಾಕ ಹೇಳಲಿಲ್ಲ?” ಅಂದಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ.

ನಮ್ಮ ಭಾಷೆಯಲ್ಲಿ ‘ವ್ಯಸನ’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ಕೆಟ್ಟ ಚಟವೂ ವ್ಯಸನವೇ, ದುಃಖವೂ ವ್ಯಸನವೇ. ಹಿರಿಯರು ಸಪ್ತವ್ಯಸನಗಳನ್ನು ಎಣಿಸುವಾಗ ಜೂಜನ್ನೂ ಮದ್ಯವನ್ನೂ ಒಂದೇ ಸಾಲಿನಲ್ಲಿ ಇಟ್ಟರು. ಧರ್ಮರಾಯನಂಥ ಧರ್ಮರಾಯನೇ ಪಗಡೆಯ ಹಾಸಿನ ಮುಂದೆ ಕುಳಿತಾಗ ಏಳಲಾರದೆ ಹೋದ. ವಿವೇಕಕ್ಕೆ ಅವನಲ್ಲಿ ಕೊರತೆಯಿರಲಿಲ್ಲ. ವಿವೇಕ ಕೆಲಸ ಮಾಡಲಿಲ್ಲ, ಅಷ್ಟೆ.

ಹಾಗಾದರೆ ಕುಡುಕನು ಅಪರಾಧಿಯೋ, ರೋಗಿಯೋ? ಮೊದಲ ಗುಟುಕು ಅವನ ಆಯ್ಕೆ ಎಂಬುದನ್ನು ಒಪ್ಪೋಣ. ಆದರೆ ದಿನವೂ ಕುಡಿಯುತ್ತ ಹೋದಂತೆ ಮಿದುಳು ಅದಕ್ಕೆ ಹೊಂದಿಕೊಳ್ಳುತ್ತದೆ. ನಿನ್ನೆಯ ಅಳತೆ ಇಂದು ಸಾಲದು. ಕಡೆಗೆ ಸುಖಕ್ಕಾಗಿ ಕುಡಿಯುವುದು ಹೋಗಿ, ಕೈನಡುಕ ನಿಲ್ಲಲೆಂದು ಕುಡಿಯುವ ಸ್ಥಿತಿ ಬರುತ್ತದೆ. ಬ್ರೌನ್ ಶುಗರ್‌ನಂಥ ಮಾದಕ ಪದಾರ್ಥಗಳಲ್ಲಿ ಈ ದಾರಿ ಇನ್ನೂ ಕಿರಿದು, ಇನ್ನೂ ಬೇಗ. ಆದ್ದರಿಂದ ಅವನು ರೋಗಿ. ಆದರೆ ಮಧುಮೇಹದವನು ತನ್ನ ಪಥ್ಯಕ್ಕೆ ತಾನೇ ಹೊಣೆಯಾಗಿರುವಂತೆ, ಇವನೂ ತನ್ನ ಗುಣಕ್ಕೆ ಹೊಣೆಗಾರ. ರೋಗವೆಂದೊಡನೆ ಹೊಣೆ ತಪ್ಪುವುದಿಲ್ಲ. ಹೊಣೆಯೆಂದೊಡನೆ ಅವನು ನೀಚನಾಗುವುದೂ ಇಲ್ಲ.

2019ರಲ್ಲಿ ಪ್ರಕಟವಾದ ಕೇಂದ್ರ ಸರಕಾರದ ಸಮೀಕ್ಷೆಯಂತೆ, ಕುಡಿತದಿಂದ ಹಾನಿಗೊಳಗಾಗಿ ನೆರವಿನ ಅಗತ್ಯವಿದ್ದವರು ಸುಮಾರು 5.7 ಕೋಟಿ ಜನ. ಇವರಲ್ಲಿ ಒಬ್ಬೊಬ್ಬರ ಹಿಂದೆಯೂ ಸುಳ್ಳು ಹೇಳುವ ಒಂದು ಮನೆಯಿದ್ದೀತು. ಹೆಂಡತಿ ಕಾರಖಾನೆಗೆ ‘ಜ್ವರ ಬಂದಿದೆ’ ಎನ್ನುತ್ತಾಳೆ. ತಮ್ಮ ಸಾಲ ತೀರಿಸುತ್ತಾನೆ. ನೆರೆಯವ ಊರಿಗೆ ‘ಓವರ್‌ಟೈಮ್’ ಎಂದು ವರದಿ ಒಪ್ಪಿಸುತ್ತಾನೆ. ಪರಊರಿನಲ್ಲಿರುವ ನಮಗೆ ಈ ಸುಳ್ಳು ಇನ್ನಷ್ಟು ಸುಲಭ; ಊರು ದೂರ, ಮರ್ಯಾದೆ ಮಾತ್ರ ಹತ್ತಿರ. ನಾವು ಕಾಪಾಡಿದ್ದು ಅವನನ್ನಲ್ಲ, ಅವನ ಕುಡಿತವನ್ನು. ಕುಡಿತದ ಫಲ ಅವನಿಗೆ ತಟ್ಟದಂತೆ ನಾವೇ ಗೋಡೆ ಕಟ್ಟಿ ನಿಂತೆವು.

ಸತ್ಯ ಹೇಳುವುದೆಂದರೆ ಓಣಿಯಲ್ಲಿ ಡಂಗುರ ಹೊಡೆಯುವುದೇ ಎಂದು ಯಾರಾದರೂ ಕೇಳಬಹುದು. ಖಂಡಿತ ಅಲ್ಲ. ಮಾನ ಕಳೆದುಕೊಂಡವನು ಮತ್ತೆ ಬಾಟಲಿಯ ಕಡೆಗೇ ಹೊರಳುತ್ತಾನೆ. ಅವನಿಗಾಗಿ ಏನಾದರೂ ಮಾಡಬಲ್ಲವರಿಗೆ, ತಿಳಿಯುವ ಹಕ್ಕುಳ್ಳವರಿಗೆ, ಮೆಲುದನಿಯಲ್ಲಿ ಹೇಳುವುದು ಸತ್ಯ. ಕಟ್ಟೆಯ ಮೇಲೆ ಕುಳಿತು ನಗುತ್ತ ಹೇಳುವುದು ಚಾಡಿ. ಮಾತು ಒಂದೇ ಆದರೂ ಧರ್ಮ ಬೇರೆ.

ಈ ವ್ಯತ್ಯಾಸವನ್ನು ಆಚರಣೆಯಲ್ಲಿ ತೋರಿಸಿದ ಸಂಸ್ಥೆ ನಮ್ಮ ಪುಣೆಯಲ್ಲೇ ಇದೆ. ಬ್ರೌನ್ ಶುಗರ್‌ಗೆ ಬಲಿಯಾದ ತರುಣರನ್ನು ಕುರಿತು ಅನಿಲ ಅವಚಟರು ಬರೆದ ಮರಾಠಿ ಲೇಖನಗಳನ್ನು ಓದಿ ಪು. ಲ. ದೇಶಪಾಂಡೆ ಮತ್ತು ಸುನೀತಾಬಾಯಿ ದಂಪತಿಗಳು ಹಣದ ನೆರವು ನೀಡಿದರು. ಮನೋವೈದ್ಯೆ ಡಾ. ಅನಿತಾ ಅವಚಟರ ನೇತೃತ್ವದಲ್ಲಿ 1986ರಲ್ಲಿ ಯೇರವಡಾದಲ್ಲಿ ‘ಮುಕ್ತಾಂಗಣ’ ಆರಂಭವಾಯಿತು. ಅಲ್ಲಿ ವ್ಯಸನಿಯನ್ನು ಕರೆಯುವ ಹೆಸರು ‘ರುಗ್ಣಮಿತ್ರ’. ರುಗ್ಣನೆಂಬುದರಲ್ಲಿ ಸತ್ಯವಿದೆ, ಮಿತ್ರನೆಂಬುದರಲ್ಲಿ ಪ್ರೀತಿಯಿದೆ. ಚಿಕಿತ್ಸೆಯಲ್ಲಿ ಮನೆಯವರನ್ನೂ ಸೇರಿಸಿಕೊಳ್ಳುತ್ತಾರೆ. ಅಮೆರಿಕದಲ್ಲಿ 1935ರಲ್ಲಿ ಹುಟ್ಟಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಬಳಗದ ಜೊತೆಗೆ, ಕುಟುಂಬದವರಿಗೆಂದೇ 1951ರಲ್ಲಿ ‘ಅಲ್-ಅನಾನ್’ ಹುಟ್ಟಿತೆಂಬುದನ್ನೂ ನೆನೆಯಬೇಕು.

ಒಂದು ಎಚ್ಚರಿಕೆ. ಬಹುಕಾಲ ವಿಪರೀತ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬಾರದು. ಎರಡು ಮೂರು ದಿನಗಳಲ್ಲಿ ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯವಾದೀತು. ಆಣೆ ಪ್ರಮಾಣಕ್ಕಿಂತ ಮೊದಲು ವೈದ್ಯರು ಬೇಕು. ಸರಕಾರದ 14446 ಎಂಬ ಉಚಿತ ದೂರವಾಣಿಯಲ್ಲಿ ದಾರಿ ಕೇಳಬಹುದು.

ನಮ್ಮ ನೆರೆಯವನು ಬದುಕಿ ಉಳಿದ. ಚಿಕಿತ್ಸೆ ಪಡೆದು, ಎರಡು ಸಲ ಜಾರಿ, ಮತ್ತೆ ಎದ್ದಿದ್ದಾನೆ. ಮೊನ್ನೆ ಸ್ವಾರಗೇಟಕ್ಕೆ ಅವನೇ ಬಂದು ತಾಯಿಗೊಂದು ಗಂಟು ಕೊಟ್ಟ. “ಏನು ಹೇಳಲಿ?” ಎಂದೆ. “ಇದ್ದದ್ದ ಇದ್ಹಾಂಗ ಹೇಳ್ರಿ” ಎಂದ. ಈ ಸಲ ಗಂಟು ಹಗುರವಾಗಿತ್ತು.